ಲ್ಯಾಪ್‌ಟಾಪ್ ಸದ್ಯಕ್ಕೆ ಬೇಡ ಮಾರಾಯ

ಗೆಳೆಯಾ,

ನಿನ್ನ ಮೆಸೇಜು ಓದಿದೆ. ನಿಮ್ಮ ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ಇಥಿಯೋಪಿಯಾದ ಈ ಚರ್ಚಿನ ಶಾಲೆಗೆ ಲ್ಯಾಪ್‌ಟಾಪ್ ಕೊಡಿಸೋಣ ಅಂತ ಹೊರಟಿದ್ದೀರಿ, ಖುಷಿಯಾಯಿತು. ಆದರೆ ಸದ್ಯಕ್ಕೆ ಬೇಡ. ಆ ಶಾಲೆಗೆ ಕರೆಂಟೇ ಇಲ್ಲ. ನಾನು ಫೋಟೋ ಕಳಿಸಿದ್ದು ನೋಡಿ ನಿನಗೆ ಕಟ್ಟಡ ಚೆನ್ನಾಗಿದೆ ಅನಿಸಿರಬೇಕು. ಅದು ಎದುರಿಗಿರುವ ಒಂದೇ ಬ್ಲಾಕು, ಯಾರೋ ಹೊರದೇಶದವರು ಕಟ್ಟಿಸಿಕೊಟ್ಟಿದ್ದು, ಗೋಡೆ ಮೇಲೆ ಅವರ ಹೆಸರೂ ಇದೆ. ಹಿಂದಿನ ಕೋಣೆಗಳೆಲ್ಲ ನೀಲಗಿರಿ ಗಳುಗಳಿಗೆ ಮಣ್ಣು, ಹುಲ್ಲು ಕಲಸಿ ಮೆತ್ತಿದ ಗೋಡೆ, ಮೇಲೆ ತಗಡು. ಮಳೆ ಜೋರಾದರೆ ಪಾಠ ನಿಲ್ಲುತ್ತದೆ, ಮೇಷ್ಟ್ರು ಕಿರುಚಿದರೂ ಕೇಳಿಸುವುದಿಲ್ಲ.

ನಾನಿರುವುದು ಇಲ್ಲಿಯ ವೊಲಾಯ್ತಾ ಸೊಡೊ ಪೇಟೆಯಲ್ಲಿ ಅಂತ ನಿನಗೆ ಗೊತ್ತು. ಶಾಲೆ ಇರುವುದು ಪೇಟೆಯಿಂದಾಚೆ, ದಾಮೋತಾ ಬೆಟ್ಟದ ಆ ಮಗ್ಗುಲಿನ ಹಳ್ಳಿಯಲ್ಲಿ. ನಮ್ಮ ಮಲೆನಾಡಿನ ಹಾಗೆ ಹಸಿರು, ಆದರೆ ಜನ ಜಾಸ್ತಿ, ಹೊಲ ತುಂಡು ತುಂಡು. ಇಥಿಯೋಪಿಯಾ ಅಂದರೆ ಮರಳುಗಾಡು ಅಂತ ನಮ್ಮವರು ಅಂದುಕೊಂಡಿದ್ದಾರಲ್ಲ, ಇಲ್ಲಿ ಬಂದು ನೋಡಬೇಕು. ಹಸಿರಿನ ನಡುವೆಯೇ ಹಸಿವು.

ಚರ್ಚಿನ ಶಾಲೆ ಅಂದ ಕೂಡಲೇ ನೀನು ಕೇಳಿದ್ದು ಮತಾಂತರದ ವಿಷಯ. ನೇರವಾಗಿ ಹೇಳುತ್ತೇನೆ, ಇಲ್ಲಿ ಮತಾಂತರ ಮಾಡೋಕೆ ಉಳಿದವರೇ ಕಡಿಮೆ! ಮಿಷನರಿಗಳು ಈ ಕಡೆಗೆ ಬಂದಿದ್ದು 1928ರಲ್ಲಿ. ಇಟಲಿಯವರು ದೇಶ ಹಿಡಿದ ಮೇಲೆ 1937ರಲ್ಲಿ ಮಿಷನರಿಗಳು ಹೊರಟುಹೋದರು, ಆದರೆ ಊರವರೇ ಚರ್ಚು ನಡೆಸಿಕೊಂಡು ಹೋದರು, ಅವರಿಲ್ಲದೆಯೇ ಜಾಸ್ತಿ ಬೆಳೆಯಿತು. 1974ರ ಕ್ರಾಂತಿ ಆದಮೇಲೆ ಬಂದ ದೆರ್ಗ್ ಅನ್ನುವ ಸೈನಿಕರ ಸರ್ಕಾರ ಮಿಷನ್ ಶಾಲೆಗಳನ್ನು ತನ್ನ ಕೈಗೆ ತೆಗೆದುಕೊಂಡಿತು, ಎಷ್ಟೋ ಚರ್ಚುಗಳಿಗೆ ಬೀಗ ಬಿತ್ತು. ಈಗ ಸಂವಿಧಾನದ 90ನೇ ವಿಧಿಯೇ ಶಿಕ್ಷಣದಲ್ಲಿ ಧರ್ಮ ಬೆರೆಸಬಾರದು ಅನ್ನುತ್ತದೆ. ಹಾಗಾಗಿ ಪಠ್ಯ ಸರ್ಕಾರದ್ದೇ. ಬೈಬಲ್ಲು ಭಾನುವಾರಕ್ಕೆ.

ಪಾಠ ವೊಲಾಯ್ತಾ ಭಾಷೆಯಲ್ಲಿ. ಇದರ ಹಿಂದೊಂದು ಕಥೆ ಇದೆ, ಕೇಳು. 1990ರ ದಶಕದ ಕೊನೆಗೆ ಸರ್ಕಾರ ವೊಲಾಯ್ತಾ, ಗಾಮೊ, ಗೋಫಾ, ದಾವ್ರೋ ನಾಲ್ಕೂ ಭಾಷೆ ಕಲಸಿ ‘ವೊಗಾಗೊದಾ’ ಅಂತ ಒಂದು ಭಾಷೆಯನ್ನೇ ಮಾಡಿ ಪುಸ್ತಕ ಅಚ್ಚು ಹಾಕಿಸಿತು. ನಾಲ್ಕು ಹೆಸರಿನ ಮೊದಲಕ್ಷರ ಜೋಡಿಸಿದ ಹೆಸರು! 1999ರಲ್ಲಿ ಸೊಡೊದಲ್ಲಿ ಜನ ಬೀದಿಗೆ ಇಳಿದರು, ಜೀವಗಳೂ ಹೋದವು, ಆ ಪುಸ್ತಕ ವಾಪಸ್ಸಾಯಿತು. ಗೋಕಾಕ್ ಚಳವಳಿ ನೋಡಿದ ನಿನಗೆ ಇದು ಬೇಗ ಅರ್ಥವಾಗುತ್ತದೆ. ಆದರೆ ಅಷ್ಟು ಹೋರಾಡಿ ಉಳಿಸಿಕೊಂಡ ಭಾಷೆಯ ಪುಸ್ತಕ ಈಗ ಒಂದು ಸಾಲಿಗೆ ಒಂದು. ಪಠ್ಯದ ಆಚೆಗೆ ಮಕ್ಕಳು ಓದಿಕೊಳ್ಳೋಕೆ ಒಂದು ಕಥೆ ಪುಸ್ತಕ ಹುಡುಕಿದರೂ ಸಿಗಲಿಲ್ಲ. ವೊಲಾಯ್ತಾ ಬರೆಯುವುದು ಇಂಗ್ಲಿಷ್ ಅಕ್ಷರದಲ್ಲಿ, ಆಮೇಲೆ ದೇಶದ ಆಡಳಿತ ಭಾಷೆ ಅಂಹರಿಕ್ ಕಲಿಯುವಾಗ ಫಿದೆಲ್ ಲಿಪಿ. ಫಿದೆಲ್ ನಮಗೆ ಸಲೀಸು, ಅದರಲ್ಲೂ ಒಂದೊಂದು ವ್ಯಂಜನಕ್ಕೆ ಏಳು ರೂಪದ ಕಾಗುಣಿತ ಇದೆ.

ಈಗ ಮುಖ್ಯವಾದದ್ದು. ಕಾಲು.

ನಮ್ಮ ಕರಾವಳಿಯಲ್ಲಿ ಆನೆಕಾಲು ರೋಗ ಅಂದರೆ ಸೊಳ್ಳೆಯಿಂದ ಬರುವುದು ಅಲ್ವಾ? ಇಲ್ಲಿ ಮಣ್ಣಿನಿಂದಲೇ ಬರುತ್ತದೆ. ಈ ಕೆಂಪು ಜ್ವಾಲಾಮುಖಿ ಮಣ್ಣಿನ ನವಿರಾದ ಕಣಗಳು ಬರಿಗಾಲಿನ ಚರ್ಮದೊಳಗೆ ಇಳಿದು, ವರ್ಷಗಟ್ಟಲೆ ಸೇರಿಕೊಂಡು, ಒಳಗಿನ ದುಗ್ಧನಾಳಗಳನ್ನು, ಅಂದರೆ ಲಿಂಫ್ ಹರಿಯುವ ನಾಳಗಳನ್ನು, ಹಾಳು ಮಾಡಿ ಕಾಲು ಊದಿಕೊಳ್ಳುವ ಹಾಗೆ ಮಾಡುತ್ತವೆ. ಪೊಡೊಕೊನಿಯೋಸಿಸ್ ಅಂತ ಹೆಸರು. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಆದರೂ ಊರವರು ದೂರ ಇಡುತ್ತಾರೆ, ಅಂಥ ಮನೆಗೆ ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ. ವೊಲಾಯ್ತಾ ಸೀಮೆ ಇದಕ್ಕೆ ಕುಖ್ಯಾತ. ತಡೆಯೋಕೆ ಬೇಕಾದ್ದು ಏನು ಗೊತ್ತಾ? ಚಿಕ್ಕ ವಯಸ್ಸಿನಿಂದಲೇ ಶೂ, ದಿನಾ ಕಾಲು ತೊಳೆಯೋಕೆ ನೀರು, ಸೋಪು. ಅಷ್ಟೇ! ಇದರ ಜೊತೆಗೆ ಕಾಲ್ಬೆರಳ ಸಂದಿಗೆ ಹೊಕ್ಕುವ ಚಿಗಟದ ಕಾಟ. ಶಾಲೆಯ ನೆಲ ಬರೀ ಮಣ್ಣು, ಅದರ ಮೇಲೆ ಕೂತು ಬರೆಯುವ ಮಕ್ಕಳಲ್ಲಿ ಅರ್ಧಕ್ಕರ್ಧ ಬರಿಗಾಲು. ನೀರು ಬೇಕಂದರೆ ಕೆಳಗಿನ ಊಟೆಯಿಂದ ಹಳದಿ ಕ್ಯಾನಿನಲ್ಲಿ ಹೊತ್ತು ತರಬೇಕು, ಹೊರುವವರು ಹೆಣ್ಣುಮಕ್ಕಳೇ, ಅವರು ಮೊದಲ ಪೀರಿಯಡ್ಡಿಗೆ ಬರುವುದೇ ಇಲ್ಲ. ಪೇಟೆಯಲ್ಲಿ ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ಶೂ ಸಿಗುತ್ತವೆ, ‘ಕೊಂಗೊ’ ಅನ್ನುತ್ತಾರೆ, ಅಗ್ಗ. ಹೊರಗಿನಿಂದ ತರುವುದೇ ಬೇಡ.

ಆಮೇಲೆ ಊಟ. ಮಾರ್ಚಿನಿಂದ ಜೂನ್‌ವರೆಗೆ ಕಷ್ಟದ ಕಾಲ, ಹಳೇ ಮೆಕ್ಕೆಜೋಳ ಮುಗಿದಿರುತ್ತದೆ, ಹೊಸದು ಹೊಲದಲ್ಲೇ ಇರುತ್ತದೆ. ಬಾಳೆಯಂಥ ಎನ್ಸೆಟ್ ಗಿಡದ ಹಿಟ್ಟಿನಲ್ಲೇ ದಿನ ದೂಡುತ್ತಾರೆ. ಆಗ ಹಾಜರಿ ಪುಸ್ತಕ ತೆಗೆದು ನೋಡಿದರೆ ಸಾಕು, ಯಾವ ಮನೆಯಲ್ಲಿ ಒಲೆ ಹತ್ತಿಲ್ಲ ಅಂತ ತಿಳಿಯುತ್ತದೆ. ದೊಡ್ಡ ಹುಡುಗರು ಅಡಿಸ್ ಅಬಾಬಾಗೆ ಬಸ್ಸು ಹತ್ತುತ್ತಾರೆ, ಶೂ ಪಾಲಿಶ್ ಮಾಡೋಕೆ. ಬರಿಗಾಲಲ್ಲಿ ಓದಿದ ಹುಡುಗ ಬೇರೆಯವರ ಶೂ ಒರೆಸುವುದು, ಏನು ಹೇಳೋದು.

ಮೇಷ್ಟ್ರ ಸಂಬಳಕ್ಕಂತೂ ಯಾರೂ ಕೊಡುವುದಿಲ್ಲ. ಕಟ್ಟಡಕ್ಕೆ ಕೊಡುತ್ತಾರೆ, ಫಲಕ ಹಾಕಿಸಿಕೊಳ್ಳಬಹುದಲ್ಲ! ಚರ್ಚಿಗೆ ಬರುವ ಕಾಣಿಕೆ, ಮಕ್ಕಳ ಪುಡಿ ಫೀಸು, ಇಷ್ಟರಲ್ಲೇ ಸಂಬಳ ಹೊಂದಿಸಬೇಕು. 2024ರ ಜುಲೈಯಲ್ಲಿ ಇಲ್ಲಿಯ ನಾಣ್ಯ ಬಿರ್‌ನ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ಡಾಲರ್‌ಗೆ 57ರ ಆಸುಪಾಸಿನಲ್ಲಿದ್ದದ್ದು ನೂರು ದಾಟಿತು. ಎಣ್ಣೆ, ಸಕ್ಕರೆ ಎಲ್ಲ ಏರಿತು. ಸಂಬಳ ಮಾತ್ರ ಅಲ್ಲೇ. ಒಳ್ಳೇ ಮೇಷ್ಟ್ರು ಸರ್ಕಾರಿ ಕೆಲಸ ಸಿಕ್ಕ ದಿನವೇ ಹೊರಡುತ್ತಾರೆ, ತಪ್ಪು ಅನ್ನೋಕಾಗಲ್ಲ. ಇದರ ಫಲ ಕೊನೆಗೆ ನಮ್ಮ ಯೂನಿವರ್ಸಿಟಿ ಕ್ಯಾಂಪಸ್ಸಿನಲ್ಲೇ ಕಾಣಿಸುತ್ತದೆ. 2022ರಿಂದ 12ನೇ ತರಗತಿ ಪರೀಕ್ಷೆಯನ್ನು ಯೂನಿವರ್ಸಿಟಿಗಳ ಒಳಗೇ ನಡೆಸುತ್ತಿದ್ದಾರೆ, ನಕಲು, ಸೋರಿಕೆ ತಡೆಯೋಕೆ. ಆ ವರ್ಷ ಇಡೀ ದೇಶದಲ್ಲಿ ಅರ್ಧದಷ್ಟಾದರೂ ಅಂಕ ಪಡೆದವರು ಶೇ. 3.3 ಮಾತ್ರ. ಎಲ್ಲರೂ 12ನೇ ತರಗತಿಯ ಮೇಷ್ಟ್ರನ್ನು ಬೈದರು. ನಾನಾಗಿದ್ದರೆ ಒಂದನೇ ತರಗತಿಯ ಕೋಣೆಗೆ ಹೋಗಿ ನೋಡಿ ಅನ್ನುತ್ತಿದ್ದೆ.

ಹಿಂದೆ ಹೈಲೆ ಸೆಲಾಸ್ಸಿ ಚಕ್ರವರ್ತಿಯ ಕಾಲದಲ್ಲಿ ನಮ್ಮ ದೇಶದ ಎಷ್ಟೋ ಮೇಷ್ಟ್ರುಗಳು ಇಲ್ಲಿಗೆ ಬಂದಿದ್ದರು. ಈಗಲೂ ವಯಸ್ಸಾದವರು ನನ್ನನ್ನು ನಿಲ್ಲಿಸಿ ತಮ್ಮ ಇಂಡಿಯನ್ ಲೆಕ್ಕದ ಮೇಷ್ಟ್ರ ಬಗ್ಗೆ ಮಾತಾಡುತ್ತಾರೆ. ಬೆತ್ತದ ಬಗ್ಗೆಯೂ!

ಹಾಗಾಗಿ ಒಟ್ಟು ಮಾಡಿದ ದುಡ್ಡನ್ನು ಸದ್ಯಕ್ಕೆ ಹಾಗೇ ಇಡು. ಒಂದೇ ಸಲ ದೊಡ್ಡದಾಗಿ ಕೊಡುವುದಕ್ಕಿಂತ ಎರಡು ವರ್ಷ ತಿಂಗಳು ತಿಂಗಳು ಕೊಡೋಕಾಗುತ್ತಾ ಅಂತ ನಿನ್ನ ಗುಂಪಿನಲ್ಲಿ ಕೇಳು. ಒಬ್ಬ ಮೇಷ್ಟ್ರ ಸಂಬಳ, ಶೂ, ಮಳೆನೀರು ಹಿಡಿಯೋಕೆ ಟ್ಯಾಂಕು. ಟ್ಯಾಂಕಿಗೆ ಬೇಕಾದ ತಗಡಿನ ಮಾಡು ಹೇಗೂ ಇದೆ. ಊಟದ ವಿಷಯ ಹೆಡ್‌ಮಾಸ್ಟರಿಗೆ ಹೇಳಿದಾಗ ಮೊದಲು ಲೆಕ್ಕ ಕೊಡು ಅಂದರು. ಅಕ್ಷರ ದಾಸೋಹ ಶುರುವಾದಾಗಿನಿಂದ ನೀನು ನಿಮ್ಮ ಶಾಲೆಯ ಅಡುಗೆಮನೆ ನೋಡಿದ್ದೀಯ. ಇನ್ನೂರು ಮಕ್ಕಳಿಗೆ ದಿನಕ್ಕೆ ಕಾಳು ಎಷ್ಟು, ಎಣ್ಣೆ ಎಷ್ಟು, ಗ್ಯಾಸ್ ಇಲ್ಲದೆ ಸೌದೆಯಲ್ಲಿ ಮಾಡಿದರೆ ಎಷ್ಟು ಜನ ಅಡುಗೆಯವರು ಬೇಕು, ನಿಮ್ಮ ಅಡುಗೆಯಮ್ಮನನ್ನೇ ಕೇಳಿ ಬರೆದು ಕಳಿಸು. ಅಕ್ಕಿ ಲೆಕ್ಕ ಬೇಡ, ಇಲ್ಲಿ ಮೆಕ್ಕೆಜೋಳ ಮತ್ತು ಬೀನ್ಸ್ ಕಾಳು. ಟೆಲಿಗ್ರಾಮಿಗೇ ಹಾಕು, ಇಲ್ಲಿ ಎಲ್ಲರೂ ಅದನ್ನೇ ಬಳಸುವುದು.

ನಿನ್ನ ಗೆಳೆಯ