ಗೇರ್ ಬಿಗಿಯಾದರೆ ಮೊದಲು ಕ್ಲಚ್ ನೋಡಿ

ಮಾನ್ಯರೇ,

ಏಣೆಲು (ಮಳೆಗಾಲದ ಭತ್ತದ ಬೆಳೆ) ಉಳುಮೆ ಮುಗಿಯುವಷ್ಟರಲ್ಲಿ ಕರಾವಳಿಯ ಹಳೆ ಟ್ರ್ಯಾಕ್ಟರ್‌ಗಳ ಗೇರ್ ಬಿಗಿಯಾಗುವುದು ಮಾಮೂಲು. ಕೂಡಲೇ ಗೇರ್‌ಬಾಕ್ಸ್ ಬಿಚ್ಚಿಸುವುದು ದುಡ್ಡು ದಂಡ. ಮೊದಲು ಇಂಜಿನ್ ನಿಲ್ಲಿಸಿ ಗೇರ್ ಹಾಕಿ ನೋಡಿ. ಆಗ ಸಲೀಸಾಗಿ ಬಿದ್ದು, ಚಾಲೂ ಇರುವಾಗ ಮಾತ್ರ ಕರಕರ ಎಂದರೆ ತಪ್ಪು ಕ್ಲಚ್‌ನದ್ದು: ಪೆಡಲ್ ಒತ್ತಿದರೂ ಕ್ಲಚ್ ಪ್ಲೇಟ್ ಇಂಜಿನ್‌ನಿಂದ ಪೂರ್ತಿ ಬಿಡುತ್ತಿಲ್ಲ. ಪೆಡಲ್‌ನ ಫ್ರೀ ಪ್ಲೇ, ಅಂದರೆ ಕ್ಲಚ್ ಹಿಡಿಯುವ ಮುಂಚೆ ಪೆಡಲ್ ಸುಮ್ಮನೆ ಇಳಿಯುವ ಅಂತರ, ಹಲವು ಮಾಡೆಲ್‌ಗಳಲ್ಲಿ 25ರಿಂದ 35 ಮಿ.ಮೀ. ಇರಬೇಕು (ನಿಮ್ಮ ಗಾಡಿಯ ಲೆಕ್ಕ ಅದರ ಪುಸ್ತಕದಲ್ಲಿದೆ). ಹೆಚ್ಚಿದ್ದರೆ ಕ್ಲಚ್ ರಾಡ್‌ನ ಲಾಕ್‌ನಟ್ ಸಡಿಲಿಸಿ ಸರಿಮಾಡಿ. ತುಕ್ಕು ಹಿಡಿದ ಪಿನ್‌ಗಳನ್ನು ಉಜ್ಜಿ ಗ್ರೀಸ್ ಕೊಡಿ.

ಇಂಜಿನ್ ನಿಂತಾಗಲೂ ಬಿಗಿಯೇ? ಲಿವರ್ ಬುಡದ ರಬ್ಬರ್ ಬೂಟ್ (ಹೊದಿಕೆ) ಹರಿದಿದ್ದರೆ ನಮ್ಮ ಮಳೆ ನೇರ ಒಳಗೆ. ಗೇರ್‌ಬಾಕ್ಸ್‌ನ ಡಿಪ್‌ಸ್ಟಿಕ್ಕಿನ (ಎಣ್ಣೆ ಅಳೆಯುವ ಕಡ್ಡಿಯ) ಎಣ್ಣೆ ಹಾಲು ಹಾಕಿದ ಚಾದಂತೆ ಕಂಡರೆ ನೀರು ಸೇರಿದೆ ಎಂದೇ ಅರ್ಥ. ಗಾಡಿ ಬಿಸಿಯಿರುವಾಗಲೇ ಎಣ್ಣೆ ಪೂರ್ತಿ ಇಳಿಸಿ, ಬೂಟ್ ಬದಲಿಸಿ, ಕಂಪನಿ ಹೇಳಿದ ಗ್ರೇಡನ್ನೇ ತುಂಬಿಸಿ. ಹೈಡ್ರಾಲಿಕ್‌ಗೂ ಅದೇ ಎಣ್ಣೆ ಬಳಸುವ ಮಾಡೆಲ್‌ಗೆ ಅಂಗಡಿಯವರು ಕೊಟ್ಟ ದಪ್ಪ ಗೇರ್ ಆಯಿಲ್ ಸುರಿದರೆ ಪಂಪಿಗೂ ಕುತ್ತು.

ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವುದಾದರೆ ಕ್ಲಚ್ ಪೆಡಲ್ ಒತ್ತಿ ಮರದ ತುಂಡು ಕೊಟ್ಟಿಡಿ. ಪ್ಲೇಟ್ ತುಕ್ಕು ಹಿಡಿದು ಫ್ಲೈವೀಲ್‌ಗೆ (ಇಂಜಿನ್‌ನ ಭಾರದ ಚಕ್ರಕ್ಕೆ) ಅಂಟುವುದಿಲ್ಲ.

– ಟ್ರ್ಯಾಕ್ಟರ್ ಮೆಕ್ಯಾನಿಕ್, ಬ್ರಹ್ಮಾವರ