ಹಳೇ ಸಿಡಿ, ಕ್ಯಾಸೆಟ್ ಕೆಲಸದ ಬಗ್ಗೆ ನಮ್ಮ ಗ್ರಾಹಕರಿಗೆ ಒಂದು ಪತ್ರ

ದಾವಣಗೆರೆ

ಪ್ರೀತಿಯ ಅಣ್ಣಂದಿರೇ, ಅಕ್ಕಂದಿರೇ,

ಸ್ಟುಡಿಯೋದಿಂದ ನಮಸ್ಕಾರ. ಮೊದಲು ವಿಷಯ ಹೇಳಿಬಿಡುತ್ತೇವೆ. ಇನ್ನು ಮುಂದೆ ವಿಡಿಯೋ ಸಿಡಿ, ಡಿವಿಡಿ, ಮಿನಿ ಡಿವಿ ಮತ್ತು ವಿಎಚ್‌ಎಸ್ ಕ್ಯಾಸೆಟ್, ಕೀಪ್ಯಾಡ್ ಮೊಬೈಲ್ ಕಾಲದ 3ಜಿಪಿ ಕ್ಲಿಪ್ಪು, ಇವನ್ನು ನೇರವಾಗಿ ಎಡಿಟಿಂಗ್‌ಗೆ ತೆಗೆದುಕೊಳ್ಳಲು ಆಗುವುದಿಲ್ಲ. ಮೊದಲು ಕನ್ವರ್ಟ್ ಮಾಡಬೇಕು, ಅಂದರೆ ಹೊಸ ಸಾಫ್ಟ್‌ವೇರ್‌ಗೆ ಒಗ್ಗುವ ಫೈಲಾಗಿ ಬದಲಿಸಬೇಕು. ಅದಕ್ಕೆ ಬೇರೆ ಚಾರ್ಜ್ ಇದೆ, ಬೇರೆ ಟೈಮ್ ಬೇಕು. ಹೊಸ ಕಂಪ್ಯೂಟರ್ ಹಾಕಿದ ಮೇಲೆ ಹೀಗಾಗಿದೆ.

ಇದರಿಂದ ನಿಮಗೆ ತೊಂದರೆಯಾಗಿದೆ, ಕ್ಷಮಿಸಿ. ಅಪ್ಪ ಅಮ್ಮನ 25ನೇ ಮದುವೆ ವಾರ್ಷಿಕೋತ್ಸವಕ್ಕೆ ಹಳೇ ಸಿಡಿಯ ಸೀನ್ ಸೇರಿಸಿಕೊಡಿ ಅಂತ ಹರಿಹರದಿಂದ, ಜಗಳೂರಿನಿಂದ ಬಂದು, ಸಂಜೆಗೆ ಸಿಗದೆ ಬರಿಗೈಯಲ್ಲಿ ಹೋದವರಿದ್ದಾರೆ. ಮೊದಲೆಲ್ಲ ಕೂತಲ್ಲೇ ಮಾಡಿಕೊಡುತ್ತಿದ್ದೆವು. ಅವರಿಗೆ ಬೇಜಾರಾಗಿದ್ದರಲ್ಲಿ ತಪ್ಪಿಲ್ಲ.

ಆದರೆ "ಕಂಪ್ಯೂಟರ್ ಬದಲಿಸಿದ್ದು ನಿಮ್ಮ ಶೋಕಿಗೆ, ದುಡ್ಡು ಮಾತ್ರ ನಮ್ಮಿಂದ" ಅನ್ನುವ ಮಾತು ನಮಗೂ ನೋವು ತಂದಿದೆ. ಶೋಕಿಗೆ ಬದಲಿಸಿದ್ದಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಿಮ್ಮ ಮನೆಯ ಹೆಣ್ಣುಮಕ್ಕಳ ಮದುವೆ ಫೋಟೋ, ವಿಡಿಯೋ ಎಲ್ಲ ಇರುವ ಕಂಪ್ಯೂಟರನ್ನು ಸೆಕ್ಯುರಿಟಿ ಅಪ್‌ಡೇಟ್ ಇಲ್ಲದೆ ನೆಟ್‌ಗೆ ಹಾಕಿ ಕೂರಲು ನಮಗೆ ಧೈರ್ಯ ಬರಲಿಲ್ಲ. ಹಳೇದಕ್ಕೇ ವಿಂಡೋಸ್ 11 ಹಾಕೋಣ ಅಂದರೆ ಅದು ಹಳೇ ಪ್ರೊಸೆಸರ್‌ಗೆ ಒಗ್ಗುವುದಿಲ್ಲ, ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ವ್ಯವಸ್ಥೆ ಬೇರೆ ಇರಲೇಬೇಕು. ಹಾಗಾಗಿ ಮದರ್‌ಬೋರ್ಡು, ಪ್ರೊಸೆಸರ್, ರ‍್ಯಾಮ್ ಮೂರನ್ನೂ ಹೊಸದಾಗಿ ಕೊಳ್ಳಬೇಕಾಯಿತು. ಎಐ ಕಂಪನಿಗಳ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್ ಹೋಗಿ ಹೋಗಿ, ಸರಿಯಾಗಿ ಅದೇ ಹೊತ್ತಿಗೆ ರ‍್ಯಾಮ್ ರೇಟು ಗಗನಕ್ಕೇರಿತು. ಇವತ್ತು ಕೇಳಿದ ರೇಟು ವಾರ ಬಿಟ್ಟು ಹೋದರೆ ಇಲ್ಲ. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಎಡಿಟಿಂಗ್ ಸಾಫ್ಟ್‌ವೇರ್ ಕೂಡ ಒಮ್ಮೆ ಕೊಂಡರೆ ಮುಗಿಯಿತು ಅನ್ನೋ ಹಾಗಿಲ್ಲ, ಮನೆ ಬಾಡಿಗೆ ಕಟ್ಟಿದ ಹಾಗೆ ತಪ್ಪದೆ ಕಟ್ಟುತ್ತಿರಬೇಕು. ಇಷ್ಟಾದರೂ ಮದುವೆ ಪ್ಯಾಕೇಜ್ ರೇಟಿಗೆ ನಾವು ಒಂದು ರೂಪಾಯಿ ಸೇರಿಸಿಲ್ಲ. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೆ ನಾವೇ ಹೇಳುತ್ತಿದ್ದೇವೆ.

ಇನ್ನೊಂದು ಮಾತು. ಈಗ ಬುಕಿಂಗ್‌ಗೆ ಬಂದವರೆಲ್ಲ ಮೊದಲು ಕೇಳುವುದೇ ಡ್ರೋನ್ ಇದೆಯಾ, 4ಕೆ ಕೊಡ್ತೀರಾ ಅಂತ. ಹಳೇ ಕಂಪ್ಯೂಟರ್‌ನಲ್ಲಿ 4ಕೆ ಕ್ಲಿಪ್ ಹಾಕಿದರೆ ಆಡಿಸಲು ಆಗದೆ ನಿಂತುಬಿಡುತ್ತಿತ್ತು. ಕೆಲಸ ತಡವಾದರೆ ಬೈಸಿಕೊಳ್ಳುವವರೂ ನಾವೇ ಅಲ್ವಾ?

ಈಗ ದಿನಾ ಕೇಳುವ ಪ್ರಶ್ನೆಗೆ ಬರುತ್ತೇವೆ. "ನಮ್ಮ ಮನೆ ಲ್ಯಾಪ್‌ಟಾಪಲ್ಲಿ ವಿಎಲ್‌ಸಿ ಪ್ಲೇಯರ್ ಹಾಕಿದ್ರೆ ಸುಮ್ನೆ ಓಡುತ್ತೆ ಕಣ್ರೀ, ಅದೂ ಪುಕ್ಕಟೆ. ನಿಮ್ಮ ಅಷ್ಟು ದೊಡ್ಡ ಕಂಪ್ಯೂಟರಲ್ಲಿ ಯಾಕೆ ಓಡಲ್ಲ?" ಕೌಂಟರ್‌ನಲ್ಲಿ ಜನ ನಿಂತಿರುವಾಗ ಇದಕ್ಕೆ ಸರಿಯಾಗಿ ಉತ್ತರ ಹೇಳಲು ಆಗುವುದಿಲ್ಲ. ಇಲ್ಲಿ ನಿಧಾನವಾಗಿ ಹೇಳುತ್ತೇವೆ.

ನಮ್ಮಲ್ಲೂ ಓಡುತ್ತದೆ. ನೋಡಲು ಯಾವ ತೊಂದರೆಯೂ ಇಲ್ಲ. ಆದರೆ ಬಟ್ಟೆ ಉಡುವುದು ಬೇರೆ, ಅದರ ಒಂದು ಎಳೆ ಬಿಡಿಸಿ ಬೇರೆ ಬಟ್ಟೆಗೆ ನೇಯುವುದು ಬೇರೆ. ಮಿಲ್ಲುಗಳ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಿಎಲ್‌ಸಿ ಹಳೇ ವಿಡಿಯೋಗಳನ್ನು ಬಿಚ್ಚಿ ಓದುವ ಕೋಡೆಕ್ ಅನ್ನುವ ಪುಟ್ಟ ಸಾಫ್ಟ್‌ವೇರ್‌ಗಳನ್ನು ತನ್ನೊಳಗೇ ಇಟ್ಟುಕೊಂಡಿದೆ. ಮೊದಲಿಂದ ಕೊನೆವರೆಗೆ ತೋರಿಸುತ್ತಾ ಹೋಗುವುದಷ್ಟೇ ಅದರ ಕೆಲಸ. ನಡುವೆ ಎರಡು ಫ್ರೇಮ್, ಅಂದರೆ ಎರಡು ಚಿತ್ರ, ಬಿಟ್ಟುಹೋದರೂ ನಿಮಗೆ ಗೊತ್ತಾಗುವುದಿಲ್ಲ. ಎಡಿಟಿಂಗ್‌ನಲ್ಲಿ ಹಾಗಲ್ಲ. ಧಾರೆ ಎರೆಯುವ ಕ್ಷಣ ಇಂಥ ಫ್ರೇಮಿಗೇ ಶುರುವಾಗಬೇಕು, ಅಕ್ಷತೆ ಬೀಳುವಾಗ ವಾಲಗದ ಸದ್ದು ಅದಕ್ಕೇ ಸರಿಯಾಗಿ ಕೂಡಬೇಕು.

ವಿಡಿಯೋ ಸಿಡಿಯಲ್ಲಿರುವುದು ಎಂಪೆಗ್-1 ಅನ್ನುವ ಹಳೇ ಫಾರ್ಮ್ಯಾಟ್. ಅದರಲ್ಲಿ ಸೆಕೆಂಡಿಗೆ 25 ಚಿತ್ರ ಓಡುತ್ತವೆ, ಆದರೆ ಎಲ್ಲವೂ ಪೂರ್ತಿ ಚಿತ್ರಗಳಲ್ಲ. ನಡುನಡುವೆ ಒಂದೊಂದು ಮಾತ್ರ ಪೂರ್ತಿ ಇರುತ್ತದೆ. ಮಿಕ್ಕವುಗಳಲ್ಲಿ ಅಕ್ಕಪಕ್ಕದ ಚಿತ್ರಕ್ಕಿಂತ ಏನು ಬದಲಾಯಿತು ಅನ್ನುವುದನ್ನಷ್ಟೇ ಬರೆದಿಟ್ಟಿರುತ್ತದೆ. ಹಳೇ ಎಡಿಟಿಂಗ್ ಸಾಫ್ಟ್‌ವೇರ್‌ಗೆ ಇದನ್ನು ಬಿಡಿಸಲು ಬರುತ್ತಿತ್ತು. ಈಗ ನಾವು ಹಾಕಿಸಿರುವ ಹೊಸದರಲ್ಲಿ ಸಿಡಿಯಲ್ಲಿ ವಿಡಿಯೋ ಇರುವ ಡ್ಯಾಟ್ ಫೈಲ್ ತೆರೆಯುವುದೇ ಇಲ್ಲ. 2000ದ ಆಸುಪಾಸಿನ ಇಂಡಿಯೋ, ಸಿನೆಪ್ಯಾಕ್, ಸೊರೆನ್ಸನ್ ಅನ್ನುವ ಫಾರ್ಮ್ಯಾಟ್‌ಗಳ ಫೈಲುಗಳದ್ದೂ ಇದೇ ಕಥೆ. ಅವುಗಳ ಕೋಡೆಕ್‌ಗಳು 32 ಬಿಟ್ ಅನ್ನುವ ಹಳೇ ಮಾದರಿ ಸಾಫ್ಟ್‌ವೇರ್ ಕಾಲದವು. ಈಗಿನ 64 ಬಿಟ್ ಸಾಫ್ಟ್‌ವೇರ್‌ಗೆ ಅವು ಕೂಡುವುದಿಲ್ಲ. ಇದು ನಮ್ಮ ಅಂಗಡಿಗೆ ಮಾತ್ರ ಬಂದದ್ದಲ್ಲ. ವಿಂಡೋಸ್‌ನಲ್ಲಿ ಓಡುವ ಕ್ವಿಕ್‌ಟೈಮ್ ಅನ್ನುವ ವಿಡಿಯೋ ಸಾಫ್ಟ್‌ವೇರ್‌ಗೆ 2016ರಲ್ಲೇ ಬೆಂಬಲ ನಿಂತಿತು. ಮ್ಯಾಕ್ ಇಟ್ಟುಕೊಂಡವರಿಗೆ 2019ರ ಕ್ಯಾಟಲಿನಾ ಅನ್ನುವ ಆವೃತ್ತಿಯಿಂದ ಹಳೇ ಕೋಡೆಕ್ ಹೋಯಿತು. ಬೆಂಗಳೂರಿಗೆ ಹೋಗಿ ಕೇಳಿದರೂ ಮೊದಲು ಕನ್ವರ್ಟ್ ಮಾಡಿಸಿ ಅಂತಲೇ ಹೇಳುತ್ತಾರೆ.

ಇನ್ನು ಕೀಪ್ಯಾಡ್ ಮೊಬೈಲ್‌ನ 3ಜಿಪಿ. ಅದರಲ್ಲಿ ಎಷ್ಟೋ ಕ್ಲಿಪ್‌ಗಳಿಗೆ ಸೆಕೆಂಡಿಗೆ ಇಷ್ಟೇ ಫ್ರೇಮ್ ಅನ್ನುವ ಲೆಕ್ಕ ಇರುವುದಿಲ್ಲ, ಒಮ್ಮೆ ಜಾಸ್ತಿ, ಒಮ್ಮೆ ಕಮ್ಮಿ. ಎಡಿಟಿಂಗ್‌ಗೆ ಹಾಗೇ ಹಾಕಿದರೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಅದನ್ನು ಕೂತು ಸರಿಮಾಡಬೇಕು. ಫೈಲಿನ ಹೆಸರಿನ ಕೊನೆಗೆ ಎಂಪಿ4 ಅಂತ ಬರೆದು ತರುವವರಿಗೂ ಒಂದು ಮಾತು: ಹೆಸರು ಬದಲಿಸಿದರೆ ಒಳಗಿರುವುದು ಬದಲಾಗುವುದಿಲ್ಲ.

ಹಾಗಾದರೆ ನಾವು ಏನು ಮಾಡುತ್ತೇವೆ? ಎಡಿಟಿಂಗ್‌ಗೆ ಪ್ರತಿ ಫ್ರೇಮೂ ಪೂರ್ತಿ ಇರುವ ದೊಡ್ಡ ಫೈಲ್ ಮಾಡಿಕೊಳ್ಳುತ್ತೇವೆ. ನಿಮ್ಮ ಕೈಗೆ ಮೊಬೈಲ್, ಟಿವಿ ಎರಡರಲ್ಲೂ ಓಡುವ ಎಂಪಿ4 ಒಂದು, ಸಿಡಿಯಲ್ಲಿ ಇದ್ದದ್ದು ಇದ್ದ ಹಾಗೇ ಒಂದು ಕಾಪಿ, ಎರಡೂ ಕೊಡುತ್ತೇವೆ. ಅಸಲಿನ ಕಾಪಿಯನ್ನು ದಯವಿಟ್ಟು ಅಳಿಸಬೇಡಿ. ಕನ್ವರ್ಟ್ ಮಾಡಿದಾಗಲೆಲ್ಲ ಕ್ವಾಲಿಟಿ ಸ್ವಲ್ಪ ಕಮ್ಮಿಯಾಗುತ್ತದೆ. ಮುಂದೆ ಇನ್ಯಾವುದೋ ಫಾರ್ಮ್ಯಾಟ್ ಬಂದರೆ ಅಸಲಿನಿಂದಲೇ ಮಾಡಿಸಬಹುದು.

ಹಳೇ ಕಂಪ್ಯೂಟರನ್ನು ನಾವು ಗುಜರಿಗೆ ಹಾಕಿಲ್ಲ. ಒಳಗಿನ ಕೋಣೆಯಲ್ಲಿದೆ, ನೆಟ್ ತೆಗೆದಿದ್ದೇವೆ. ಮಿನಿ ಡಿವಿ ಕ್ಯಾಸೆಟ್‌ನ ವಿಡಿಯೋ ಇಳಿಸಿಕೊಳ್ಳಲು ಬೇಕಾದ ಫೈರ್‌ವೈರ್ ಕಾರ್ಡ್ ಅದರಲ್ಲಿದೆ. ಹೊಸ ಬೋರ್ಡ್‌ನಲ್ಲಿ ಆ ಕಾರ್ಡಿಗೆ ಸ್ಲಾಟೇ ಇಲ್ಲ. ಒಂದು ಗಂಟೆಯ ಕ್ಯಾಸೆಟ್ ಕಂಪ್ಯೂಟರ್‌ಗೆ ಇಳಿಯಲು ಒಂದು ಗಂಟೆಯೇ ಬೇಕು, ಬೇಗ ಬೇಗ ಓಡಿಸಿ ಮುಗಿಸುವ ದಾರಿ ಇಲ್ಲ. ಗಂಟೆಗೆ ಸುಮಾರು 13 ಜಿಬಿ ಆಗುತ್ತದೆ. ವಿಎಚ್‌ಎಸ್ ಇನ್ನೂ ಕಷ್ಟ. ದುಗ್ಗಮ್ಮನ ಜಾತ್ರೆಯ ಹಳೇ ಕ್ಯಾಸೆಟ್ ತರುತ್ತೀರಿ, ಒಳಗೆ ಬಿಳಿ ಬೂಷ್ಟು ಹಿಡಿದಿರುತ್ತದೆ. ಹಾಗೇ ಹಾಕಿದರೆ ಕ್ಯಾಸೆಟ್ ಓಡಿಸುವ ವಿಸಿಆರ್‌ನ ಹೆಡ್ಡೇ (ಟೇಪ್ ಓದುವ ಭಾಗ) ಹೋಗುತ್ತದೆ. ಜಪಾನಿನ ಫುನೈ ಕಂಪನಿ 2016ರ ಜುಲೈನಲ್ಲಿ ವಿಸಿಆರ್ ಮಾಡುವುದನ್ನು ನಿಲ್ಲಿಸಿತು. ಕೊನೆಗೆ ಉಳಿದಿದ್ದವರು ಅವರೇ. ಆದ್ದರಿಂದ ನಮ್ಮ ಹತ್ತಿರ ಇರುವ ವಿಸಿಆರನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಿದ್ದೇವೆ. ಕ್ಯಾಸೆಟ್ ಕ್ಲೀನ್ ಮಾಡದೆ ಹಾಕುವುದಿಲ್ಲ, ಅರ್ಜೆಂಟ್ ಅಂತ ಒತ್ತಾಯ ಮಾಡಬೇಡಿ.

"ಎಐ ಹಾಕಿ ಕ್ಲಿಯರ್ ಮಾಡಿ ಕೊಡಿ" ಅಂತಲೂ ಕೇಳುತ್ತಾರೆ. ವಿಡಿಯೋ ಸಿಡಿಯ ಚಿತ್ರ 352×288 ಚುಕ್ಕೆ ಮಾತ್ರ. ಗುಂಪಿನಲ್ಲಿ ನಿಂತ ಅಜ್ಜಿಯ ಮುಖ ಅದರಲ್ಲಿ ನಾಲ್ಕಾರು ಚುಕ್ಕೆ. ಇಲ್ಲದ ಕಣ್ಣು, ಮೂಗು ಎಐ ತಾನೇ ಬರೆದು ತುಂಬುತ್ತದೆ. ನೋಡಲು ಚೆನ್ನಾಗಿರುತ್ತದೆ, ಆದರೆ ಅದು ನಿಮ್ಮ ಅಜ್ಜಿ ಅಲ್ಲ. ಈ ಕೆಲಸ ನಾವು ಮಾಡುವುದಿಲ್ಲ. ಬಣ್ಣ ಸರಿಮಾಡುತ್ತೇವೆ, ಗೊರಗೊರ ಸದ್ದು ಕಮ್ಮಿ ಮಾಡುತ್ತೇವೆ, ಹಳೇ ಡಿವಿಡಿಯಲ್ಲಿ ಕೈ ಆಡಿಸಿದಾಗ ಕಾಣುವ ಅಡ್ಡಗೆರೆ ತೆಗೆಯುತ್ತೇವೆ. ಹೊಸ ಟಿವಿಯಲ್ಲಿ ಎರಡೂ ಬದಿಗೆ ಕಪ್ಪು ಪಟ್ಟಿ ಬರುತ್ತದೆ, ಅದು ಇರಲಿ. ಎಳೆದು ತುಂಬಿಸಿದರೆ ಎಲ್ಲರೂ ದಪ್ಪ ಕಾಣುತ್ತಾರೆ.

ರೇಟು: ಸಿಡಿ, ಡಿವಿಡಿ ಒಂದಕ್ಕೆ 150 ರೂಪಾಯಿ. ಕ್ಯಾಸೆಟ್ ಗಂಟೆಗೆ 300 ರೂಪಾಯಿ, ಕ್ಲೀನಿಂಗ್ ಸೇರಿ. ನಮ್ಮ ಸ್ಟುಡಿಯೋದಲ್ಲೇ ಮಾಡಿಕೊಟ್ಟ ಸಿಡಿ, ಕ್ಯಾಸೆಟ್ ಆದರೆ ಅರ್ಧ ರೇಟು. "ನೀವೇ ಕೊಟ್ಟಿದ್ದಲ್ವಾ" ಅನ್ನುವುದು ನ್ಯಾಯವಾದ ಮಾತೇ, ಅದಕ್ಕೆ ಬೆಲೆ ಕೊಟ್ಟಿದ್ದೇವೆ. ಗೀರು ಬಿದ್ದು ಏನೂ ಸಿಗದಿದ್ದರೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕ್ ನೀವೇ ತನ್ನಿ. ವಾಟ್ಸಾಪ್‌ನಲ್ಲಿ ವಿಡಿಯೋ ಹಾಗೇ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ.

ಹಳೇ ಕಂಪ್ಯೂಟರ್ ಕೆಲಸ ಸೋಮವಾರ, ಗುರುವಾರ ಮಾತ್ರ. ಮದುವೆ ಸೀಸನ್‌ನಲ್ಲಿ ಎರಡು ವಾರ ಮೊದಲೇ ತಂದುಕೊಡಿ. ಕ್ಯಾಸೆಟ್ ಮೇಲೆ ನಿಮ್ಮ ಹೆಸರು ಬರೆದೇ ಒಳಗೆ ಇಡುತ್ತೇವೆ. ಕೆಲಸ ಮುಗಿದ ಮೇಲೆ ನಿಮ್ಮ ಕೈಗೇ ವಾಪಸ್ ಕೊಡುತ್ತೇವೆ, ಯಾರ ಕೈಗೋ ಅಲ್ಲ. ಈ ಪತ್ರ ಬರುವ ಮೊದಲೇ ಬುಕ್ ಮಾಡಿದವರಿಗೆ ಹಳೇ ಮಾತೇ ನಡೆಯುತ್ತದೆ, ಕನ್ವರ್ಟ್ ಚಾರ್ಜ್ ಇಲ್ಲ. ಬೇಜಾರಾಗಿ ಸಿಡಿ ವಾಪಸ್ ತೆಗೆದುಕೊಂಡು ಹೋದವರು ಇನ್ನೊಮ್ಮೆ ತನ್ನಿ. ನಿಮಗೂ ಚಾರ್ಜ್ ಹಾಕುವುದಿಲ್ಲ.

ಇಂತಿ,
ನಿಮ್ಮ ಸ್ಟುಡಿಯೋದವರು