ಇನ್ನೊಂದು ಬೋರ್ ಕೊರೆಸುವ ಮೊದಲು

ಪ್ರೀತಿಯ ಪುಟ್ಟಾ,

ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಮೂರನೇ ಬೋರ್ ಕೊರೆಸಲು ಮನೆಗಿಷ್ಟು ಅಂತ ದುಡ್ಡು ಎತ್ತುತ್ತಿದ್ದಾರೆ ಎಂದೆಯಲ್ಲ, ಅವತ್ತಿನಿಂದ ನನಗೆ ಸಮಾಧಾನವಿಲ್ಲ. ಕೊಡುವ ಮೊದಲು ದೊಡ್ಡಮ್ಮನ ಮಾತು ಸ್ವಲ್ಪ ಕೇಳು.

ನಾನು ಮದುವೆಯಾಗಿ ಕೋಲಾರದ ಕಡೆಗೆ ಬಂದಾಗ ನಮ್ಮ ಹೊಲದಲ್ಲಿ ತೆರೆದ ಬಾವಿ ಇತ್ತು. ಎತ್ತು ಕಟ್ಟಿ ಕಪಿಲೆ ಹೊಡೆದು ರಾಗಿಗೆ, ತರಕಾರಿಗೆ ನೀರು ಹಾಯಿಸುತ್ತಿದ್ದೆವು. ಆಮೇಲೆ ದುಡ್ಡಿದ್ದ ಪಕ್ಕದ ಹೊಲದವರು 300 ಅಡಿ ಬೋರ್ ಕೊರೆಸಿದರು, ನಮ್ಮ ಬಾವಿ ಬತ್ತಿತು. ನಿನ್ನ ದೊಡ್ಡಪ್ಪ ಸಾಲ ಮಾಡಿ 400ಕ್ಕೆ ಹೋದರು. ಪಕ್ಕದವರು 800, ಆಮೇಲೆ 1,200 ಅಂತ ಇಳಿಯುತ್ತಾ ಹೋದರು, ನಮಗೆ ಅಷ್ಟು ಶಕ್ತಿ ಎಲ್ಲಿತ್ತು? ಬೋರಿನಲ್ಲಿ ನೀರು ಬರುವುದು ನಿಂತರೂ ಬಡ್ಡಿ ನಿಲ್ಲಲಿಲ್ಲ, ಎರಡು ಎಕರೆ ಮಾರಿದೆವು. ಕೊಂಡವರು ಯಾರು ಗೊತ್ತಾ, ಆ ಆಳದ ಬೋರಿನವರೇ. 2018ರಿಂದ ನಿಮ್ಮ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ, ಸುತ್ತಲಿನ ಬೋರುಗಳಲ್ಲಿ ನೀರು ಮೇಲೆ ಬಂದಿದೆ. ಆದರೆ ಮಾರಿದ ಜಮೀನು ವಾಪಸ್ ಬರುತ್ತದಾ?

ಬೆಂಗಳೂರಿನಲ್ಲಿ ನಡೆಯುತ್ತಿರುವುದೂ ಇದೇ. 2024ರ ಬೇಸಿಗೆ ನೆನಪಿದೆ ಅಲ್ವಾ? 5 ಕಿ.ಮೀ. ಒಳಗಾದರೆ 12,000 ಲೀಟರ್ ಟ್ಯಾಂಕರಿಗೆ 1,000 ರೂಪಾಯಿ ಅಂತ ಜಿಲ್ಲಾಡಳಿತ ದರ ಕಟ್ಟಿತು. ಅಂದರೆ ಸಾವಿರ ಲೀಟರಿಗೆ 83 ರೂಪಾಯಿ. ಕಾವೇರಿ ನಲ್ಲಿ ಇದ್ದ ಮನೆಗೆ ಆಗ ಮೊದಲ 8,000 ಲೀಟರಿನವರೆಗೆ ಸಾವಿರ ಲೀಟರಿಗೆ 7 ರೂಪಾಯಿ. ನಲ್ಲಿಯೇ ಇಲ್ಲದ ಬಡವರು ಹನ್ನೆರಡು ಪಟ್ಟು ಕೊಡಬೇಕಿತ್ತು! ನಿಮ್ಮ ಮನೆಕೆಲಸಕ್ಕೆ ಬರುವ ಹೆಂಗಸಿನ ವಠಾರದಲ್ಲಿ ಒಂದೇ ಬೋರ್ ಎಂದಿದ್ದೆ. ನೀವು ಇನ್ನೂ ಆಳಕ್ಕೆ ಹೋದರೆ ಮೊದಲು ಬತ್ತುವುದು ಅದೇ. ಆಮೇಲೆ ಅವಳ ಸಂಬಳ ಬಿಂದಿಗೆ ನೀರಿಗೆ ಹೋಗುತ್ತದೆ. ಆಳಕ್ಕೆ ಹೋಗಲು ದುಡ್ಡಿರುವವರೆಗೆ ಪಕ್ಕದ ಕೆರೆ ಏನಾಯಿತು ಅಂತ ನೀವ್ಯಾರೂ ಕೇಳುವುದಿಲ್ಲ, ಕೇಳುವ ಅವಳ ಮಾತಿಗೆ ಬೆಲೆ ಇಲ್ಲ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ಭಾನುವಾರದ ಮೀಟಿಂಗಿಗೆ ಹೋಗು, ಸುಮ್ನೆ ಕೂರಬೇಡ. ತಾರಸಿಯ ಮಳೆನೀರು ಎಲ್ಲಿಗೆ ಹೋಗುತ್ತಿದೆ ಅಂತ ಕೇಳು. ಅದನ್ನು ನೆಲಕ್ಕೆ ಇಳಿಸುವ ಇಂಗುಬಾವಿ ಇದ್ದರೆ ಹೂಳು ತುಂಬಿದೆಯಾ ಅಂತ ನೀನೇ ಬಗ್ಗಿ ನೋಡು. ಬೋರಿಗೆ ಎತ್ತಿದ ದುಡ್ಡಿನಲ್ಲಿ ಇನ್ನೂ ನಾಲ್ಕು ಇಂಗುಬಾವಿ ತೋಡಿಸಬಹುದು, ತಲೆಮಾರುಗಳಿಂದ ಬಾವಿ ತೋಡುವ ಬೋವಿ ಜನ ಸರ್ಜಾಪುರದ ಕಡೆಯೇ ಇದ್ದಾರೆ. ಮೊದಲ ಸಲ ಯಾರೂ ಒಪ್ಪಲಿಕ್ಕಿಲ್ಲ. ಆದರೂ ಹೇಳು.

ಏನಾಯಿತು ಅಂತ ಅವತ್ತು ರಾತ್ರಿಯೇ ಫೋನ್ ಮಾಡು, ಎಚ್ಚರ ಇರುತ್ತೇನೆ.

ನಿನ್ನ ದೊಡ್ಡಮ್ಮ